ಕೆಂಪು ಬಳಿದ ಬೀದಿ

"ರೀ, ಯಾರನ್ನ ಕೇಳಿ ನಮ್ಮ ಗೋಡೆಗೆ ಗೀಟು ಎಳೀತಿದ್ದೀರಾ?"

ಕಂಕುಳಲ್ಲಿ ರಟ್ಟಿನ ಕಟ್ಟು ಹಿಡಿದು ಬಂದವಳು ತನ್ನ ಬೈಂಡಿಂಗ್ ಅಂಗಡಿಯ ಬಾಗಿಲಲ್ಲೇ ನಿಂತುಬಿಟ್ಟಳು. ಅವಳದೇ ಸ್ಟೂಲು ಹತ್ತಿದ್ದ ಅಪರಿಚಿತನೊಬ್ಬ, ಅವಳ ತಲೆಗಿಂತ ಒಂದು ಗೇಣು ಮೇಲೆ ಪೆನ್ಸಿಲ್ಲಿನಿಂದ ಗೆರೆ ಹಾಕುತ್ತಿದ್ದ.

"ನಿಮ್ಮ ತಂದೆಯವರನ್ನ ಕೇಳೇ..." ತಡವರಿಸುತ್ತ ಕೆಳಗಿಳಿದ.

ಗಾಲಿಕುರ್ಚಿಯಲ್ಲಿದ್ದ ಅಪ್ಪ ನಕ್ಕ. "ಬೈಬೇಡ ಕಣಮ್ಮ. ನೀನು ಹುಟ್ಟಿದ ವರ್ಷ ನೀರು ಎಲ್ಲೀವರೆಗೆ ಬಂದಿತ್ತು ಅಂತ ತೋರಿಸ್ತಿದ್ದೆ. ಇವರು ನದಿ ಅಧ್ಯಯನ ಕಚೇರಿಯವರು. ಪ್ರವಾಹದ ನಕ್ಷೆ ಮಾಡ್ತಾರಂತೆ."

ಮೂವತ್ತು ವರ್ಷ ದೋಣಿ ನಡೆಸಿದವನು ಅಪ್ಪ. ಕಾಲು ಸೋತ ಮೇಲೆ ಅವನ ನದಿಯ ಮಾತು ಯಾರಿಗೂ ಬೇಡವಾಗಿತ್ತು. ಈ ನಕ್ಷೆಯವನು ಮಾತ್ರ ಹತ್ತು ದಿನ ಬಂದು ಕೂತ. ಯಾವ ವರ್ಷ, ಯಾವ ಮೆಟ್ಟಿಲು, ನೀರು ಯಾವ ಕಡೆಯಿಂದ ನುಗ್ಗಿತು ಎಂದು ಕೇಳಿ ಕೇಳಿ ಬರೆದುಕೊಂಡ.

ಅವಳು ಪುಸ್ತಕಗಳಿಗೆ ಹೊಲಿಗೆ ಹಾಕುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಹನ್ನೊಂದನೆಯ ದಿನ ಅವನು ಬರಲಿಲ್ಲ. ಅವಳ ಕಣ್ಣು ಮಾತ್ರ ಮತ್ತೆ ಮತ್ತೆ ಬಾಗಿಲಿಗೆ ಹೋಗುತ್ತಿತ್ತು. 'ನನಗೇನಾಗಿದೆ...' ಎಂದು ತನ್ನನ್ನೇ ಗದರಿಕೊಂಡಳು.

ತಿಂಗಳೊಪ್ಪತ್ತಿನಲ್ಲಿ ಪುರಸಭೆಯ ಗೋಡೆಗೆ ನಕ್ಷೆ ಬಂತು. ಅವರ ಬೀದಿಗೆ ಪೂರ್ತಿ ಕೆಂಪು ಬಳಿದಿತ್ತು. 'ಮಾಹಿತಿ' ಎಂದಿದ್ದ ಕಡೆ ಅಪ್ಪನ ಹೆಸರಿತ್ತು.

"ಬೀದಿ ಖಾಲಿ ಮಾಡಿಸ್ತಾರಂತೆ" ಎಂಬ ಸುದ್ದಿ ಸಂಜೆಯೊಳಗೆ ಮನೆಮನೆ ಮುಟ್ಟಿತು. ಪಕ್ಕದ ಗುಂಡಿ-ದಾರ ಮಾರುವ ಅಂಗಡಿಯ ಅಕ್ಕ ಅಪ್ಪನ ಎದುರಿಗೇ ಅಂದಳು: "ಮುದುಕ ಬಾಯಿ ಮುಚ್ಕೊಂಡಿದ್ದಿದ್ರೆ ನಮಗೀ ಗತಿ ಬರ್ತಿರಲಿಲ್ಲ."

ಅಪ್ಪ ಎರಡು ದಿನ ಕುರ್ಚಿಯನ್ನು ಬಾಗಿಲ ಹತ್ತಿರಕ್ಕೂ ತರಲಿಲ್ಲ.

ಮೂರನೆಯ ದಿನ ನಕ್ಷೆಯವನು ಬಂದಾಗ ಅವಳು ಬಾಗಿಲಿಗೆ ಅಡ್ಡ ನಿಂತಳು. "ನಮ್ಮಪ್ಪನ ಬಾಯಿಂದಲೇ ಹೇಳಿಸಿ ನಮ್ಮ ಬುಡಕ್ಕೇ ನೀರು ತಂದ್ರಲ್ಲ. ಇನ್ನು ಈ ಕಡೆ ತಲೆ ಹಾಕಬೇಡಿ."

"ಕೆಂಪು ಅಂದ್ರೆ ಖಾಲಿ ಮಾಡಿ ಅಂತಲ್ಲ ರೀ. ನೀರು ಏರಿದಾಗ ಮೊದಲು ಯಾರಿಗೆ ಹೇಳ್ಬೇಕು ಅಂತ..."

ಬಾಗಿಲು ಮುಚ್ಚಿತು. ಅದರ ಹಿಂದೆ ನಿಂತು ಅವಳು ಅತ್ತಿದ್ದು ಅವನಿಗೆ ತಿಳಿಯಲಿಲ್ಲ.

ಮಳೆಗಾಲ ನಡುವಿಗೆ ಬಂದಿತ್ತು. ಒಂದು ಬೆಳಿಗ್ಗೆ ಫೋನ್ ರಿಂಗಾಯಿತು.

"ನಾನು... ನಕ್ಷೆಯವನು. ದಯವಿಟ್ಟು ಇಡಬೇಡಿ. ಮೇಲಿನ ಸೇತುವೆ ಹತ್ರ ನೀರು ಗಂಟೆಗೆ ಎರಡಡಿ ಏರ್ತಿದೆ. ನಿಮ್ಮ ಬೀದಿಗೆ ಬರೋಕೆ ಐದು ಗಂಟೆ ಬೇಕು. ತಂದೆಯವರನ್ನ ಶಾಲೆ ಮಹಡಿಗೆ ಕಳಿಸಿ, ಎಲ್ಲರಿಗೂ ಹೇಳಿ."

"ಇಲ್ಲಿ ಬಿಸಿಲಿದೆಯಲ್ಲ..."

"ಗೊತ್ತು. ಅದಕ್ಕೇ ಯಾರೂ ನಂಬಲ್ಲ. ನೀವು ನಂಬಿ."

ಅವಳು ಅಪ್ಪನ ಮುಖ ನೋಡಿ ಕೇಳಿದ್ದನ್ನೆಲ್ಲ ಹೇಳಿದಳು. ಎರಡಡಿ ಎಂದು ಕೇಳಿದ್ದೇ ತಡ, ಅಪ್ಪ ಕುರ್ಚಿಯ ಗಾಲಿ ತಿರುಗಿಸಿದ. "ಹೊರಡು ಮಗಳೇ. ಅವನು ಹೇಳಿದ್ದು ನಿಜ."

ಅವಳು ಮನೆಮನೆಯ ಕದ ತಟ್ಟಿದಳು. ಕೆಲವರು ನಕ್ಕರು, ಕೆಲವರು ಗೊಣಗಿದರು. ಆದರೂ ಅಪ್ಪನ ಕುರ್ಚಿ ಶಾಲೆಯತ್ತ ಹೊರಟಿದ್ದು ಕಂಡು ಮಧ್ಯಾಹ್ನದೊಳಗೆ ನಲವತ್ತು ಮನೆಗಳೂ ಬರಿದಾದವು. ಮೂರು ಗಂಟೆಗೆ ಬೀದಿಯಲ್ಲಿ ಆಳುದ್ದ ನೀರು ಹರಿಯುತ್ತಿತ್ತು.

ಒಂದು ಜೀವವೂ ಹೋಗಲಿಲ್ಲ.

ಶಾಲೆಯ ಮಹಡಿಯಲ್ಲಿ ಗುಂಡಿ ಅಂಗಡಿಯ ಅಕ್ಕ ಅಪ್ಪನ ಎರಡೂ ಕೈ ಹಿಡಿದುಕೊಂಡಳು. "ಅಣ್ಣಾ, ಅವತ್ತು ನಾನು ಹಂಗನ್ನಬಾರದಿತ್ತು..." ಅಪ್ಪ ಅವಳ ಕೈ ತಟ್ಟಿದ.

ನೀರಿಳಿದ ಮೇಲೆ ಔಷಧಿ ಹಂಚಲು ಬಂದ ನರ್ಸಮ್ಮನಿಂದ ಇನ್ನೊಂದು ವಿಷಯ ತಿಳಿಯಿತು. ಸೇತುವೆಯ ಅಳತೆ ಯಂತ್ರವನ್ನು ತೇಲಿಬಂದ ಮರ ಕಿತ್ತೊಯ್ದಿತ್ತಂತೆ. ಅವನು ಅಲ್ಲೇ ಮಳೆಯಲ್ಲಿ ನಿಂತು, ಕಂಬದ ಮೇಲಿನ ಅಂಕಿ ಕಣ್ಣಿಂದಲೇ ಓದಿ, ಕಾಲು ಗಂಟೆಗೊಮ್ಮೆ ಕೆಳಗಿನ ಊರುಗಳಿಗೆಲ್ಲ ತಿಳಿಸುತ್ತಿದ್ದನಂತೆ. ಈಗ ಜ್ವರ.

ಅವನು ಎಲ್ಲಿರುತ್ತಾನೆಂದು ಅವಳು ಕೇಳಿ ತಿಳಿದುಕೊಂಡಳು.

ಮಾರನೆಯ ದಿನ ಎರಡು ಬಸ್ಸು ಬದಲಿಸಿ ಹೋದಳು. ಸೇತುವೆ ಪಕ್ಕದ ಒಂಟಿ ಕೋಣೆ. ಕಿಟಕಿಯ ಸರಳಿಗೆ ಒದ್ದೆ ರೇನ್‌ಕೋಟು, ಮೇಜಿನ ತುಂಬ ಅಂಕಿ ತುಂಬಿದ ಹಾಳೆಗಳು. ಕಿವಿಗೆ ಮಫ್ಲರ್ ಸುತ್ತಿಕೊಂಡಿದ್ದವನು ಅವಳನ್ನು ಕಂಡು ಗಾಬರಿಯಿಂದ ಎದ್ದ.

"ತಂದೆಯವರು ಹುಷಾರಿದ್ದಾರಾ?"

"ಇದ್ದಾರೆ. ನಿಮ್ಮಿಂದ." ಅವಳು ಬಾಗಿಲಲ್ಲೇ ನಿಂತಿದ್ದಳು. "ಅವತ್ತು ನಿಮ್ಮ ಮುಖಕ್ಕೆ ಬಾಗಿಲು ಹಾಕಿದ್ದೆ. ಆದ್ರೂ ಫೋನ್ ಮಾಡಿದ್ರಿ..."

"ನಾನು ಮೊದಲು ಮಾಡಿದ್ದೇ ನಿಮಗೆ." ಅವನು ತಲೆ ತಗ್ಗಿಸಿದ. "ಥ್ಯಾಂಕ್ಸ್ ಹೇಳೋಕೆ ಇಷ್ಟು ದೂರ ಯಾಕೆ ಬಂದ್ರಿ?"

"ಥ್ಯಾಂಕ್ಸ್ ಹೇಳೋಕಾದ್ರೆ ಫೋನೇ ಸಾಕಿತ್ತು."

ಹೊರಗೆ ನದಿ ಹರಿಯುವ ಸದ್ದು.

"ನಿಮ್ಮಲ್ಲಿಗೆ ಹತ್ತು ದಿನ ಬಂದೆ," ಅವನು ಮೆಲ್ಲಗೆ ಅಂದ. "ಕೆಲಸ ಇದ್ದಿದ್ದು ಮೂರೇ ದಿನ. ಹೇಳ್ಬೇಕು ಅಂತ ಎಷ್ಟೋ ಸಲ ಅನ್ಕೊಂಡೆ. ಈಗ ಹೇಳಿದ್ರೆ ಉಪಕಾರ ಮಾಡಿ ಕೈ ಚಾಚಿದ ಹಾಗಾಗುತ್ತೆ. ನೀವು ಋಣಕ್ಕೆ ಹೂಂ ಅಂದ್ಬಿಟ್ರೆ ಅನ್ನೋ ಭಯ..."

ಅವಳು ಕಣ್ಣೊರೆಸಿಕೊಂಡು ನಕ್ಕಳು. "ನಿಮ್ಮ ಋಣ ಇಡೀ ಬೀದಿ ಮೇಲಿದೆ. ಬಸ್ಸು ಹತ್ತಿದ್ದು ನಾನೊಬ್ಬಳೇ."

ಅವನ ಕಣ್ಣಲ್ಲಿ ನೀರಾಡಿತು. ಇದ್ದೊಂದು ಕುರ್ಚಿಯ ಮೇಲಿನ ಹಾಳೆಗಳನ್ನು ಗಡಿಬಿಡಿಯಿಂದ ಎತ್ತಿಟ್ಟ.

"ನೀವು... ಕೂತ್ಕೊಳ್ಳಿ."

"ಇನ್ನೂ 'ನೀವು' ಅಂತಲೇ ಕರೀತೀರಾ?"

ಅವನು ಒಂದು ಕ್ಷಣ ಅವಳನ್ನೇ ನೋಡಿದ.

"ಕೂತ್ಕೋ..." ಅಂದ.

ಅವಳು ಕೂತಳು.