ಬಾವಿಗೋಡೆಯ ರಾಕೆಟ್

ಬಾವಿಯ ಒಳಗೋಡೆಯ ಮೇಲೆ ಒಂದು ರಾಕೆಟ್ ಹಾರುತ್ತಿತ್ತು.

ದಪ್ಪ ಹೊಟ್ಟೆಯ ನೀಲಿ ರಾಕೆಟ್. ಬಾಲದಲ್ಲಿ ಕೇಸರಿ ಬೆಂಕಿ. ಪಕ್ಕದಲ್ಲಿ ಕಣ್ಣು, ಮೂಗು, ಹಲ್ಲು ಎಲ್ಲ ಇದ್ದು ನಗುವ ಚಂದ್ರ. ಕೆಳಗೆ ಮರಾಠಿಯಲ್ಲಿ ದೊಡ್ಡದಾಗಿ ‘ಸುಸ್ವಾಗತಮ್’. ಇಷ್ಟಕ್ಕೂ ಹಿಂದೆ, ಸುಣ್ಣ ಬಳಿದು ಹೊಳೆಯುತ್ತಿದ್ದ ಹೊಸ ಸಿಮೆಂಟಿನ ಗಿಲಾವು.

ದಂಡೆಯ ಮೇಲೆ ನಿಂತ ನಂದಾ ಬಾಗಿ, ಗೋಡೆಯ ಸುತ್ತಲೂ ಕಣ್ಣಾಡಿಸಿ ಹುಡುಕಿದಳು.

“ಹೆಂಗದರಿ ಮ್ಯಾಡಮ್?” ಹಿಂದಿನಿಂದ ಗುರುಸಿದ್ಧ ಕೇಳಿದ. ಚಪಳಗಾಂವದ ಪಾಟೀಲರ ಮಗ, ನಲವತ್ತರ ಹತ್ತಿರದ ಗಂಡಸು, ಪರೀಕ್ಷೆಯ ಪೇಪರು ತೋರಿಸುವ ಹುಡುಗನ ಹಾಗೆ ನಗುತ್ತ ನಿಂತಿದ್ದ. “ರಾಕೆಟ್ ನನ್ನ ಐಡಿಯಾ. ಚಂದ್ರ ಪೇಂಟರಂದು.”

“ಕೆಂಪು ಪಟ್ಟಿ ಎಲ್ಲಿ ಪಾಟೀಲರ?”

“ಒಳಗದರಿ, ಗಿಲಾವಿನ ಹಿಂದ. ಸಿದ್ರಾಮ ಗವಂಡಿ ಅಂದ, ಅದು ಉದುರೋ ಮಣ್ಣು, ಹೊರಗಿಂದ ಬರೋ ಪಾವಣ್ಯಾರ ತಲಿ ಮ್ಯಾಲ ಬಿದ್ರ ಊರ ಮರ್ಯಾದಿ ಏನು ಉಳೀತದ ಅಂತ. ನನಗೂ ಖರೇ ಅನಿಸ್ತು.”

“ಅವರು ಬರಾಕತ್ತಿದ್ದ ಅದನ್ನ ನೋಡಾಕ!”

ಅವನ ನಗು ಅರ್ಧಕ್ಕೆ ನಿಂತಿತು. “ಕರಿಕಲ್ಲು ನೋಡಾಕ ಅಲ್ಲೇನ್ರಿ? ಕೆಂಪು ಮಣ್ಣು ನೀವ ಪಿಶವಿ ತುಂಬಿ ತುಂಬಿ ಒಯ್ದೀರಿ. ಅದರ ಕೆಲಸ ಮುಗೀತು ಅಂತ ತಿಳದಿದ್ದೆ.”

ಹೋದ ಬೇಸಿಗೆಯಲ್ಲಿ ಈ ಬಾವಿ ತೋಡುವಾಗ ದಾರಿಬದಿಗೆ ಬಿದ್ದಿದ್ದ ಕೆಂಪು ಮಣ್ಣಿನ ಗುಡ್ಡೆ ಕಂಡು ಅವಳು ಸ್ಕೂಟಿ ನಿಲ್ಲಿಸಿದ್ದಳು. ಸುತ್ತ ಕಣ್ಣು ಹಾಯುವವರೆಗೆ ಎರೆಭೂಮಿ. ನಡುವೆ ಕುಂಕುಮ ಚೆಲ್ಲಿದಂಥ ಗುಡ್ಡೆ. ಹಗ್ಗ ಹಿಡಿದು ಕೆಳಗಿಳಿದಾಗ ಎರಡು ಕರಿಕಲ್ಲುಗಳ ನಡುವೆ ಮೊಳದಗಲದ ಕೆಂಪು ಪಟ್ಟಿ ಕಂಡಿತು. ಆರು ಕೋಟಿ ವರ್ಷಕ್ಕೂ ಹಿಂದೆ ಈ ಸೀಮೆಯ ಮೇಲೆ ಲಾವಾ ಹರಿದು ಕಲ್ಲಾಯಿತು. ಆಮೇಲೆ ಬಹಳ ಕಾಲ ಎಲ್ಲ ಸುಮ್ಮನಾಯಿತು. ಆ ಬಿಡುವಿನಲ್ಲಿ ಮಳೆ ಬಿಸಿಲು ಸೇರಿ ಕಲ್ಲನ್ನು ಮಣ್ಣು ಮಾಡಿದವು. ಮತ್ತೆ ಲಾವಾ ಬಂದು ಮುಚ್ಚಿತು. ಮಂಗಳ ಗ್ರಹದ ಮೇಲೂ ಇಂಥ ಜೇಡಿಪದರಗಳಿವೆ. ಅಲ್ಲಿಗೆ ಹೋಗಲಾಗದವರು ಇಲ್ಲಿ ನೋಡಿ ತಿಳಿಯಬೇಕು. ಇದನ್ನೆಲ್ಲ ಅವಳು ಗುರುಸಿದ್ಧನಿಗೆ ಹೇಳಿದ್ದಳು. ಅವನು ಕಲ್ಲು ನೋಡುವವನ ಹಾಗೆ ಅವಳ ಮುಖ ನೋಡುತ್ತ ಕೇಳಿದ್ದ. ಅದಕ್ಕೇ ಏನೋ, ಅರ್ಧ ಮಾತ್ರ ತಲೆಗೆ ಹೋಗಿತ್ತು.

ಸೊಲ್ಲಾಪುರದ ನವೀಪೇಟೆಯಲ್ಲಿ ಚಾದರದ ಅಂಗಡಿ ಇಟ್ಟ ಮಲಕಾಜಪ್ಪನವರ ಮಗಳು ನಂದಾ. ಪುಣೆಯಲ್ಲಿ ಭೂವಿಜ್ಞಾನದ ಪಿಎಚ್.ಡಿ. ಮುಗಿಸಿ ಬಂದು, ಕಾಲೇಜೊಂದರಲ್ಲಿ ವರ್ಷವರ್ಷದ ಕರಾರಿನ ಮೇಲೆ ಕಲಿಸುತ್ತ ಮೂವತ್ತನಾಲ್ಕು ದಾಟಿದ್ದಳು. ಪ್ರತಿ ಶುಕ್ರವಾರ ದೇಶವಿದೇಶದ ಗ್ರಹವಿಜ್ಞಾನಿಗಳಿಗೆಲ್ಲ ಹೋಗುವ ಒಂದು ಇ-ಮೇಲ್ ಅವಳಿಗೂ ಬರುತ್ತಿತ್ತು. ಮೇಲೆ ಹೊಸ ನೌಕರಿಗಳು. ಕೆಳಗೆ ಸಮ್ಮೇಳನ, ಶಿಬಿರ, ಅರ್ಜಿಯ ಕೊನೆಯ ತಾರೀಖು. ಬರ್ನ್, ಹ್ಯೂಸ್ಟನ್, ನಾಗೋಯಾ. ಮದುವೆಯಾದ ಗೆಳತಿಯರ ಫೋಟೋ ನೋಡುವಂತೆ ಅವಳು ಅದನ್ನು ನೋಡಿ ಮುಚ್ಚಿಡುತ್ತಿದ್ದಳು. ಡಿಸೆಂಬರಿನ ಒಂದು ಶುಕ್ರವಾರ ಮಾತ್ರ ಆ ಊರುಗಳ ಸಾಲಿನಲ್ಲಿ ‘ಸೊಲ್ಲಾಪುರ–ಅಕ್ಕಲಕೋಟ, ಒಂದು ದಿನದ ಶಿಲಾಪದರ ವೀಕ್ಷಣೆ’ ಎಂದಿತ್ತು. ಕೆಳಗೆ, ಏರ್ಪಡಿಸುವವರು ಎಂದು ಅವಳ ಹೆಸರು. ಆ ದಿನ ಅವಳು ಮೊದಲು ಫೋನ್ ಮಾಡಿದ್ದು ಗುರುಸಿದ್ಧನಿಗೆ, ಅಪ್ಪನಿಗಲ್ಲ.

ಅದೇ ಇ-ಮೇಲಿನಲ್ಲಿ ಅಹಮದಾಬಾದಿನ ಎರಡು ವರ್ಷದ ಸಂಶೋಧನೆಯ ಕೆಲಸವೂ ಇತ್ತು. ಅದರ ಮುಖ್ಯಸ್ಥೆ ಡಾ. ಪ್ರಾಜಕ್ತಾ ಈ ವೀಕ್ಷಣೆಗೆ ತಾವೇ ಬರುವುದಾಗಿ ತಿಳಿಸಿದ್ದರು. ನಾಡಿದ್ದು ಬರುತ್ತಾರೆ. ಬಂದು ನೋಡುವುದೇನು? ನಗುವ ಚಂದ್ರನನ್ನೆ?

“ನಿಮಗ ಗೊತ್ತಿತ್ತು,” ನಂದಾ ಅವನತ್ತ ತಿರುಗಿದಳು. “ಇದು ಚೊಲೋ ಆದ್ರ ನಾ ಅಹಮದಾಬಾದಿಗೆ ಹೋಗ್ತೀನಿ ಅಂತ ಗೊತ್ತಿತ್ತು. ಅದಕ್ಕ ಮುಚ್ಚಿಸೀರಿ. ನನ್ನ ನಿಲ್ಲಿಸಬೇಕಂತ.”

ಅವನು ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವಳನ್ನೇ ನೋಡಿದ. ಆ ನೋಟದಲ್ಲಿ ಮೊದಲು ನೋವು ಬಂತು. ಆಮೇಲೆ ನಿಧಾನವಾಗಿ ಇನ್ನೇನೋ ಬಂತು.

“ಒಂದು ಕೇಳ್ತೀನ್ರಿ. ನಿಮ್ಮನ್ನ ನಿಲ್ಲಿಸೋ ತಾಕತ್ತು ನನಗದ ಅಂತ ನಿಮಗ ಯಾವಾಗ ಅನಿಸ್ತು?”

ನಂದಾ ಸ್ಕೂಟಿ ಹತ್ತಿ ಹೊರಟಳು.

ಸೊಲ್ಲಾಪುರದ ಕಡೆಗೆ ತಿರುಗಬೇಕಾದವಳು ಅಕ್ಕಲಕೋಟದ ಕಡೆಗೆ ತಿರುಗಿದ್ದು ಬಸ್‌ಸ್ಟ್ಯಾಂಡು ಕಂಡ ಮೇಲೆಯೇ ಅವಳಿಗೆ ತಿಳಿಯಿತು. ಪುಣೆ, ಮುಂಬಯಿಯ ಭಕ್ತರು ಬಸ್ಸಿನಿಂದಿಳಿದು ಸ್ವಾಮಿಗಳ ಮಠದ ದಾರಿ ಕೇಳುತ್ತಿದ್ದರು. ಎಲ್ಲರಿಗೂ ಹೋಗುವ ಜಾಗ ಗೊತ್ತಿತ್ತು. ಅವಳು ಚಹಾ ತರಿಸಿ, ಕುಡಿಯದೆ ಎದ್ದಳು. ನಾಲ್ಕು ಹೆಜ್ಜೆ ನಡೆದು ಮತ್ತೆ ಬಂದು ಕುಳಿತಳು.

ಯಾವಾಗ ಅನಿಸಿತು?

ಹಗ್ಗ ಹಿಡಿದು ಇಳಿಯುವಾಗ ಅವನು ಕೈ ಕೊಡದೆ, ಅವಳು ಬೇಕಾದರೆ ಹಿಡಿಯಲಿ ಎಂದು ಮೊಣಕೈ ಮುಂದೆ ಮಾಡಿ ನಿಂತಿದ್ದನಲ್ಲ, ಆಗಲೆ? ಅಥವಾ ಅವಳ ಗಾಡಿಯ ಸದ್ದು ಕೇಳಿದೊಡನೆ ಬನಿಯನ್ನಿನ ಮೇಲೆ ತೊಡಲು ಅಂಗಿ ಹುಡುಕುತ್ತ ಓಡಿ, ಗುಂಡಿ ತಪ್ಪು ಹಾಕಿಕೊಂಡು ಬಂದಾಗಲೆ? ತಾನು ಬೇಡವೆಂದ ವರಗಳ ಎದುರು ಅವಳು ಎಂದೂ ತಡವರಿಸಿದವಳಲ್ಲ. ನಿಲ್ಲು ಎಂದವರಿಗೆಲ್ಲ ಹೋಗುತ್ತೇನೆ ಎಂದೇ ಹೇಳಿದ್ದಳು. ಈ ಮನುಷ್ಯ ನಿಲ್ಲು ಎಂದಿರಲೇ ಇಲ್ಲ. ಅವನ ಬಾಯಲ್ಲಿ ಆ ಮಾತನ್ನು ತಾನೇ ಇಟ್ಟು, ತಾನೇ ಜಗಳ ತೆಗೆದಿದ್ದಳು.

ಚಹಾದ ಮೇಲೆ ಕೆನೆ ಕಟ್ಟಿತು.

ಮರುದಿನ ಬೆಳಿಗ್ಗೆ ಕಲ್ಲೊಡೆಯುವ ತನ್ನ ಸುತ್ತಿಗೆ ತೆಗೆದುಕೊಂಡು ಅವಳು ಬಾವಿಗೆ ಬಂದಾಗ, ಒಳಗಿನಿಂದ ಆಗಲೇ ಉಳಿಯ ಸದ್ದು ಕೇಳುತ್ತಿತ್ತು. ಗುರುಸಿದ್ಧ ಅಡ್ಡ ಕಟ್ಟಿದ ಹಲಗೆಯ ಮೇಲೆ ನಿಂತು ಗಿಲಾವು ಕೆಡಹುತ್ತಿದ್ದ. ಮೀಸೆಯ ತುಂಬ ಸುಣ್ಣ.

“ಗವಂಡಿ ಎಲ್ಲಿ?”

“ಸಿಟ್ಟಾಗ್ಯಾನ. ಹಚ್ಚಿದ್ದನ್ನ ಕೆತ್ತೋದು ನನ್ನ ಕಸಬಲ್ಲ ಅಂದ.” ಅವನು ಅವಳತ್ತ ನೋಡಲಿಲ್ಲ. “ರಾಕೆಟ್ಟಿನ ಬಾಲ ಹೋಗ್ಯಾದ. ಚಂದ್ರಗ ಕೈ ಹಚ್ಚೋ ಧೈರ್ಯ ಆಗವಲ್ದು. ಬಾಳ ನಗತಾನ.”

“ಅತ್ತಾಗ ಸರೀರಿ.”

ಅವಳು ಹಲಗೆಗೆ ಇಳಿದಳು. ಚಂದ್ರನ ಗಲ್ಲಕ್ಕೆ ಒಂದು ಏಟು. ಹಲ್ಲು ಸಮೇತ ಗಿಲಾವು ಕಳಚಿ ನೀರಿಗೆ ಬಿತ್ತು. ಅದರೊಂದಿಗೆ ಹಳೆಯ ಧೂಳು ಹಿಡಿದ ಮಣ್ಣಿನ ಚಕ್ಕೆಯೂ ಬಿತ್ತು. ಒಳಗಿನ ಮೈ ಹೊಸದಾಗಿ ತೆರೆದುಕೊಂಡಿತು: ಕೆಳಗೆ ಹಸಿ ಕೆಂಪು, ಮೇಲೆ ಲಾವಾ ತಾಕಿದ ಅಂಚಿನಲ್ಲಿ ಅತಿಯಾಗಿ ಸುಟ್ಟ ಇಟ್ಟಿಗೆಯ ಕಪ್ಪು. ಇಷ್ಟು ಸ್ಪಷ್ಟವಾಗಿ ಅವಳೂ ಕಂಡಿರಲಿಲ್ಲ.

“ಪಾಟೀಲರ…”

“ಕೆಡಿಸಿದೆನೇನ್ರಿ ಮತ್ತ?”

“ಇಲ್ಲ. ಚೊಲೋ ಆತು. ಸುಟ್ಟಿದ್ದು ನೋಡ್ರಿ ಇಲ್ಲಿ.”

ಅವನು ಬಾಗಿದ. ಈ ಸಲ ನಿಜವಾಗಿಯೂ ಕಲ್ಲನ್ನೇ ನೋಡಿದ. ಕಿರಿದಾದ ಹಲಗೆ, ಅವನ ಭುಜದ ಬಿಸಿ ಅವಳ ತೋಳಿಗೆ ತಾಕುತ್ತಿತ್ತು. ಸರಿಯಲು ಜಾಗವಿತ್ತು, ಇಬ್ಬರೂ ಸರಿಯಲಿಲ್ಲ.

“ನಿನ್ನೆ ನಾ ಹಂಗ ಅನಬಾರದಿತ್ತು,” ಎಂದಳು ಅವಳು.

“ನಾ ಕೇಳಿದ್ದಕ್ಕ ಉತ್ತರ ಅದಲ್ಲ.”

“ಮೊದಲ ಕೆಲಸ ಮಾಡ್ರಿ.”

ಅವನು ನಕ್ಕ. ಮೀಸೆಯ ಸುಣ್ಣ ಉದುರಿತು.

ಮರುದಿನ ನಂದಾಳ ಜೊತೆ ಅತಿಥಿಗಳು ಮಿನಿಬಸ್ಸಿನಲ್ಲಿ ಬಂದರು. ಟೋಪಿ, ಕ್ಯಾಮೆರಾ, ಭೂತಗನ್ನಡಿ. ಡಾ. ಪ್ರಾಜಕ್ತಾ ಗಿಡ್ಡನೆಯ, ಚುರುಕಾದ ಹೆಂಗಸು. ಅರವತ್ತರ ಹತ್ತಿರವಿದ್ದರೂ ಎಲ್ಲರಿಗಿಂತ ಮೊದಲು ಕೆಳಗಿಳಿದರು. ಗೋಡೆಯಲ್ಲಿ ಉಳಿದಿದ್ದ ರಾಕೆಟ್ಟಿನ ಮೂಗು ಕಂಡು, “ಹೇ ಕುಣಾಚಂ ಕಾಮ?” ಇದು ಯಾರ ಕೆಲಸ ಎಂದು ಕೇಳಿದರು. “ಚೂಕ್ ಮಾಝೀ, ತಪ್ಪು ನಂದರಿ,” ಎಂದು ಮೇಲಿನಿಂದ ಗುರುಸಿದ್ಧ ಕೂಗಿದ. ಎಲ್ಲರೂ ನಕ್ಕರು. ಆಮೇಲೆ ಪ್ರಾಜಕ್ತಾ ಕೆಂಪು ಪಟ್ಟಿಯ ಮೇಲೆ ಅಂಗೈ ಇಟ್ಟರು, ಮತ್ತೆ ನಗಲಿಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆ ಬಂತು. ನಂದಾ ಒಂದಕ್ಕೂ ತಡವರಿಸಲಿಲ್ಲ. ತನ್ನ ದನಿ ಬಾವಿಯಲ್ಲಿ ಸುತ್ತಿ ತನಗೇ ಮರಳಿ ಕೇಳಿಸುವಾಗ, ಇದು ನನ್ನ ಜಾಗ, ಇದು ನನ್ನ ಕೆಲಸ ಎಂದು ಮೈ ಜುಮ್ಮೆಂದಿತು.

ಬೇವಿನ ಗಿಡದ ಕೆಳಗೆ ಊಟ. ಗುರುಸಿದ್ಧನ ತಾಯಿ ಉಮಾಬಾಯಿ ಬೆರಣಿಯ ಕೆಂಡದಲ್ಲಿ ಎಳೆಯ ಜೋಳದ ತೆನೆ ಸುಟ್ಟು, ಬಿಸಿಬಿಸಿ ಸೀತನಿ ಕಾಳು ಉಜ್ಜಿ ಕೊಡುತ್ತಿದ್ದಳು. ಜೊತೆಗೆ ಶೇಂಗಾ ಚಟ್ನಿ. ಪ್ರಾಜಕ್ತಾ ನಂದಾಳನ್ನು ಬದಿಗೆ ಕರೆದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: “ಅರ್ಜಿ ಹಾಕು. ಆರಿಸೋದು ಸಮಿತಿ, ಆದರೆ ನಾನೂ ಅದರಲ್ಲಿ ಒಬ್ಬಳು. ಮಾರ್ಚಿಗೆ ಕೆಲಸ ಶುರು. ಪೂರಾ ಮನಸ್ಸಿದ್ದರೆ ಮಾತ್ರ ಹಾಕು. ಇಲ್ಲೊಂದು ಕಾಲು, ಅಲ್ಲೊಂದು ಕಾಲು ಇಟ್ಟವರು ನನಗೆ ಬೇಡ.”

ವರ್ಷಗಟ್ಟಲೆ ಕಾದಿದ್ದ ಮಾತು. ಆದರೆ ಅದನ್ನು ಕೇಳಿದಾಗ ನಂದಾಳ ಕಣ್ಣು ಹುಡುಕಿದ್ದು ಗುರುಸಿದ್ಧನನ್ನು.

ಅವನು ಪಂಪಿನ ಮನೆಯ ಹತ್ತಿರ, ಸುಮ್ಮನೇ ಒಂದು ಪೈಪಿಗೆ ಹಗ್ಗ ಸುತ್ತುತ್ತಿದ್ದ.

“ಆತೇನ್ರಿ?” ಹತ್ತಿರ ಬಂದ ಅವಳನ್ನು ಕೇಳಿದ.

“ಆಗೋಹಂಗ ಕಾಣ್ತದ.”

“ಹೋಗ್ರಿ ಮತ್ತ.”

“ಅಷ್ಟ?”

“ಅಷ್ಟ.”

“ಮತ್ತೇನೂ ಅನ್ನಂಗಿಲ್ಲ?”

ಅವನು ಹಗ್ಗ ಬಿಟ್ಟ. “ನಾ ನಿಲ್ರಿ ಅಂದ್ರ ನೀವು ನಿಲ್ಲಬಹುದು ಅಂತ ಮೊನ್ನೆ ನನಗ ಗೊತ್ತಾತು, ಮ್ಯಾಡಮ್. ಅದಕ್ಕ ಅನ್ನಂಗಿಲ್ಲ.”

ಗಾಳಿಗೆ ಜೋಳದ ಗರಿ ಸರಸರ ಎಂದವು. ಇವನು ಇಷ್ಟು ಒಳ್ಳೆಯವನಾಗಬಾರದಿತ್ತು. ನಂದಾಳಿಗೆ ಅವನನ್ನು ಎರಡೂ ಕೈಯಿಂದ ಹಿಡಿದು ಅಲುಗಿಸಬೇಕು ಎನಿಸಿತು. ಹಾಗೆ ಮಾಡದೆ, ತಿರುಗಿ ನೇರ ಬೇವಿನ ಗಿಡದ ಕಡೆಗೆ ನಡೆದಳು. ಉಮಾಬಾಯಿಯ ಮುಂದೆ ಕೂತಳು.

“ಅವ್ವಾರ, ನಾ ಮಾರ್ಚಿಗೆ ಅಹಮದಾಬಾದಿಗೆ ಹೋಗಬಹುದು. ಎರಡು ವರ್ಷ.”

“ಕೇಳೀನವ್ವ. ಮುಂಜಾನಿಂದ ನಮ್ಮ ಮನ್ಯಾಗ ಒಬ್ಬಾಂವ ಚಾ ಸೈತ ಕುಡದಿಲ್ಲ.”

“ಲಗ್ನ ಮಾಡಿಕೊಂಡು ಹೋಗ್ಲೇನು, ಬಂದ ಮ್ಯಾಲ ಮಾಡಿಕೊಳ್ಳಲೇನು?”

ಸೀತನಿ ಉಜ್ಜುತ್ತಿದ್ದ ಮುದುಕಿಯ ಅಂಗೈ ನಿಂತಿತು. ಹೊಗೆಗೆ ಕಣ್ಣು ಕಿರಿದು ಮಾಡಿ ನಂದಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಯಾರ ಜೋಡಿ?”

“ಅವ್ವಾರ!”

“ಹೆಸರು ಹೇಳಬೇಕಲ್ಲವಾ? ನಾ ಮುದುಕಿ, ನನಗೇನು ತಿಳೀತದ.”

“ನಿಮ್ಮ ಮಗನ ಜೋಡಿ. ಗುರುಸಿದ್ಧನ ಜೋಡಿ.” ಹೆಸರಿಗೆ ಹಿಂದೆ ಮುಂದೆ ಏನನ್ನೂ ಸೇರಿಸದೆ ಅವಳು ಅಂದಿದ್ದು ಅದೇ ಮೊದಲು. ಹಿಂದೆಯೇ ಬಂದು ನಿಂತಿದ್ದ ಅವನ ಕೈಯ ನೀರಿನ ತಂಬಿಗೆ ಓರೆಯಾಗಿ, ನೀರು ಚಪ್ಪಲಿಯ ಮೇಲೆ ಸುರಿಯುತ್ತಿದ್ದುದು ಅವನಿಗೆ ಗೊತ್ತಾಗಲಿಲ್ಲ.

“ಮೊದಲ ಅವನ್ನ ಕೇಳೀಯಿಲ್ಲೋ?”

“ಅವರು ಹೋಗ್ರಿ ಅನ್ನೋದೊಂದ ಕಲ್ತಾರ.”

“ಅವರಪ್ಪನೂ ಹಂಗ ಇದ್ದ. ಲಗ್ನಾಗಿ ನಾಕ ದಿನಕ್ಕ ಬಾಯಿ ಬಿಟ್ಟ.” ಉಮಾಬಾಯಿ ಮಗನತ್ತ ಗದ್ದ ಎತ್ತಿದಳು. “ಏನೋ? ಮಾಡಿಕೊಂಡು ಹೋಗ್ಲ್ಯೋ, ಬಂದು ಮಾಡಿಕೊಳ್ಳಲ್ಯೋ?”

“ಮಾಡಿಕೊಂಡು,” ಎಂದ ಗುರುಸಿದ್ಧ. ಕೇಳಿಸಲಿಲ್ಲವೇನೋ ಎಂಬಂತೆ ಇನ್ನೊಮ್ಮೆ, ಇಡೀ ಗಿಡದಡಿಗೆ ಕೇಳುವಂತೆ, “ಮಾಡಿಕೊಂಡು ಹೋಗ್ಲಿ!” ಎಂದ. ತಿನ್ನುತ್ತಿದ್ದವರೆಲ್ಲ ತಲೆಯೆತ್ತಿದರು.

ಹೊರಡುವ ಹೊತ್ತಿಗೆ ಬಸ್ಸಿನ ಬಾಗಿಲಲ್ಲಿ ಇನ್ನೊಂದು ಗದ್ದಲ. ಇಳಕಲ್ ಸೀರೆ ಉಟ್ಟು, ತಲೆತುಂಬ ಸೆರಗು ಹೊದ್ದು ಉಮಾಬಾಯಿ ಬಂದು ನಿಂತಿದ್ದಳು.

“ಬಾಯಿ, ನಿಮ್ಮ ಗಾಡಿ ಸೊಲ್ಲಾಪುರಕ್ಕ ಹೊಂಟದಲ್ಲ?” ಎಂದು ಪ್ರಾಜಕ್ತಾರನ್ನು ಕೇಳಿದಳು. “ನನಗೂ ಒಂದು ಜಾಗಾ ಕೊಡ್ರಿ. ಈಕಿ ಅಪ್ಪನ ಜೋಡಿ ಮಾತಾಡೋದದ.”

ನಂದಾ ಮರಾಠಿಯಲ್ಲಿ ತಿಳಿಸಿ ಹೇಳುವಷ್ಟರಲ್ಲಿ ಅವಳ ಮುಖವೆಲ್ಲ ಕೆಂಪಾಗಿತ್ತು. ಪ್ರಾಜಕ್ತಾ ಒಂದು ಕ್ಷಣ ಇಬ್ಬರನ್ನೂ ನೋಡಿದರು. ಆಮೇಲೆ ತಮ್ಮ ಪಕ್ಕದ ಸೀಟಿನಲ್ಲಿದ್ದ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡರು.

ಬಸ್ಸು ಹೊರಟಿತು. ಅಪ್ಪ ಏನನ್ನುತ್ತಾನೋ, ಸಮಿತಿ ಏನನ್ನುತ್ತದೋ, ಎರಡು ವರ್ಷ ಹೇಗಿರುತ್ತದೋ. ನಂದಾಳಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಹಿಂದಿನ ಗಾಜಿನತ್ತ ತಿರುಗಿದಳು. ಧೂಳಿನ ನಡುವೆ ಒಂದು ಮೋಟರ್‌ಬೈಕು; ಒಮ್ಮೆ ಕಾಣುತ್ತಿತ್ತು, ಒಮ್ಮೆ ಮರೆಯಾಗುತ್ತಿತ್ತು.

“ಮನಿ ನೋಡಕೋ ಅಂತ ಹೇಳಿ ಬಂದಿದ್ದೆ,” ಎಂದಳು ಉಮಾಬಾಯಿ, ತಿರುಗಿ ನೋಡದೆಯೇ. “ಹಿಂದ ಬರಾಕತ್ತಾನಲ್ಲ?”

“ಹೂಂ ಅತ್ತಿ,” ಎಂದಳು ನಂದಾ. “ಬರಾಕತ್ತಾನ.”