ದೈತ್ಯನ ಕೆಂಪು ಕಣ್ಣು

ಮುಖವಾಡ ಮಾಡಿದ ಹುಡುಗಿಯನ್ನೇ ಮುಖವಾಡದ ಕಳ್ಳಿ ಎಂದು ಹೆಡ್‌ಮಾಸ್ಟರ ಕೋಣೆಯ ಹೊರಗೆ ನಿಲ್ಲಿಸಿದ್ದರು. ಕದ್ದೆಯಾ ಎಂದು ಯಾರೂ ಅವಳನ್ನು ಕೇಳಿರಲಿಲ್ಲ. ಎಲ್ಲಿಟ್ಟಿದ್ದೀಯಾ ಎಂದಷ್ಟೇ ಕೇಳಿದ್ದರು.

ಕಳವು ಮೊದಲು ಕಂಡದ್ದು ಶಾಲೆಯ ಜವಾನನಿಗೆ, ಬೆಳಿಗ್ಗೆ ಬಾಗಿಲು ತೆಗೆಯುವಾಗ. ಕಾರಿಡಾರಿನ ಗಾಜಿನ ಬೀರುವಿನಲ್ಲಿ ನಿನ್ನೆ ಸಂಜೆ ಶಾಲೆಯ ನಾಟಕದ ದೈತ್ಯನ ಮುಖವಾಡವಿತ್ತು, 'ಉತ್ತಮ ನಟ' ಪದಕವಿತ್ತು, ಪದಕ ಗೆದ್ದ ಹುಡುಗನ ಫೋಟೊ ಇತ್ತು. ಈಗ ಪದಕ ಇದೆ, ಫೋಟೊ ಇದೆ— ಮುಖವಾಡ ಇಲ್ಲ. ಬೀಗ ಒಡೆದಿರಲಿಲ್ಲ. ಬೀಗದ ಕೈ ಆಫೀಸಿನ ಮೊಳೆಯಲ್ಲಿ ಎಂದಿನಂತೆ ತೂಗುತ್ತಿತ್ತು. ಯಾರು ಬೇಕಾದರೂ ತೆಗೆದು ಮತ್ತೆ ಅಲ್ಲೇ ಸಿಕ್ಕಿಸಬಹುದಿತ್ತು.

ಹೆಡ್‌ಮಾಸ್ಟರು ಲೈಬ್ರರಿ ಮೇಡಂಗೆ ಹೇಳಿಕಳಿಸಿದರು. ಕಳೆದುಹೋದ ಪುಸ್ತಕ ಯಾರ ಮನೆಯ ಮಂಚದ ಕೆಳಗಿದೆ ಎಂದು ಕೂತಲ್ಲೇ ಹೇಳಬಲ್ಲ ಹೆಂಗಸು ಆಕೆ. ಮಕ್ಕಳು ಇಟ್ಟ ಹೆಸರು ಪತ್ತೆ ಮೇಡಂ.

"ಕಳ್ಳಿ ಸಿಕ್ಕಿದಾಳೆ ಮೇಡಂ. ವಸ್ತು ಸಿಗಬೇಕು ಅಷ್ಟೆ," ಎಂದರು ಹೆಡ್‌ಮಾಸ್ಟರು. "ನಾಳೆ ಸನ್ಮಾನ. ಶಾಲಾ ಸಮಿತಿ ಅಧ್ಯಕ್ಷರ ಮೊಮ್ಮಗ ಅತಿಥಿಗಳ ಎದುರು ಅದೇ ಮುಖವಾಡ ಹಾಕ್ಕೊಂಡು ದೈತ್ಯನ ಮಾತು ಇನ್ನೊಂದ್ಸಲ ಹೇಳಬೇಕು. ಮಧ್ಯಾಹ್ನದೊಳಗೆ ಮುಖವಾಡ ಬರದಿದ್ರೆ ಇವಳ ಕೈಗೆ ಟಿಸಿ."

"ಇವಳೇ ಅಂತ ಹೇಗೆ ಗೊತ್ತಾಯ್ತು ಸರ್?"

"ಇನ್ಯಾರಿಗಿದೆ ಹೊಟ್ಟೆಕಿಚ್ಚು? ಕಾಗದ ನೆನೆಸಿ, ಅರೆದು, ಅಂಟಿಸಿ ಮಾಡಿದ್ದು ಇವಳು. ಪದಕ ಬಂದಿದ್ದು ಅವನಿಗೆ."

"ಇವಳಿಗೇನು ಬಂತು?"

ಹೆಡ್‌ಮಾಸ್ಟರು ನೆನಪು ಮಾಡಿಕೊಂಡರು. "ಚಪ್ಪಾಳೆ ತಟ್ಟಿದ್ವಲ್ಲ. ಒಟ್ಟಾರೆ, ಎಲ್ಲರಿಗೂ."

ಹೊರಗೆ ಗೋಡೆಗೆ ಒರಗದೆ ನಿಂತಿದ್ದಳು ಹುಡುಗಿ. ಬೆರಳ ಸಂದಿಯಲ್ಲಿ ಸದಾ ಒಣಗಿದ ಅಂಟು ಇರುತ್ತಿದ್ದುದರಿಂದ ಗೆಳತಿಯರು ಅವಳನ್ನು ಗೋಂದು ಎಂದೇ ಕರೆಯುತ್ತಿದ್ದರು. ಪಕ್ಕದಲ್ಲಿ ಅವಳ ತಾಯಿ, ಬಸ್ ಕಂಡಕ್ಟರ್. ಸಮವಸ್ತ್ರ ಬದಲಿಸಲೂ ಪುರಸೊತ್ತಾಗಿರಲಿಲ್ಲ.

"ಟಿಕೆಟ್ ಇಲ್ಲದವರನ್ನ ದಿನಾ ನೋಡ್ತೀನಿ ಮೇಡಂ," ಎಂದಳು ತಾಯಿ. "ಅವರು ಕಿಟಕಿಯಾಚೆಗೇ ನೋಡ್ತಿರ್ತಾರೆ. ಇವಳು ನನ್ನ ಮುಖ ನೋಡ್ಕೊಂಡೇ ಇದಾಳೆ. ಕದ್ದಿಲ್ಲ. ಆದ್ರೆ ಏನೋ ನುಂಗ್ಕೊಂಡಿದಾಳೆ, ಬಾಯಿ ಬಿಡ್ತಿಲ್ಲ."

"ಕದ್ದಿದೀಯೇನೇ?" ಎಂದು ಮೇಡಂ ನೇರವಾಗಿ ಕೇಳಿದರು.

"ಇಲ್ಲ ಮೇಡಂ."

"ಮತ್ತೆ ಏನು ಬಚ್ಚಿಡ್ತಿದೀಯಾ?"

ಹುಡುಗಿಯ ತುಟಿ ಅಲುಗಿತು. "ಅದನ್ನ ಕೇಳಬೇಡಿ ಮೇಡಂ. ಹೇಳಿದ್ರೆ ನಾಟಕವೇ ನಿಂತುಹೋಗುತ್ತೆ."

ನಾಟಕವೇ ನಿಲ್ಲುವುದು? ಯಾರು ಹೇಳಿದ್ದು ಇವಳಿಗೆ?

ನಾಟಕದ ಮೇಷ್ಟ್ರು ಸಭಾಂಗಣದ ಹಿಂದಿನ ಕೋಣೆಯಲ್ಲಿ ಪರದೆ ಸುತ್ತುತ್ತಿದ್ದರು.

"ಗೋಂದು ಕದಿಯೋ ಹುಡುಗಿ ಅಲ್ಲ ಮೇಡಂ," ಎಂದರು. ದನಿ ಮಾತ್ರ ಮೇಲೇಳಲಿಲ್ಲ.

"ಇದನ್ನ ಹೆಡ್‌ಮಾಸ್ಟರಿಗೆ ಹೇಳಿದ್ರಾ?"

"ಹೇಳ್ಬೇಕು. ನೋಡ್ತೀನಿ."

"ಮುಖವಾಡ ಹೇಗಿತ್ತು? ನಾನು ಹಿಂದಿನ ಸಾಲಲ್ಲಿ ಕೂತಿದ್ದೆ, ಸರಿಯಾಗಿ ಕಾಣ್ಲಿಲ್ಲ."

ಮೇಷ್ಟ್ರ ಮುಖ ಅರಳಿತು. "ಏನು ಕಣ್ಣು ಅಂತೀರಿ! ತಾಲೀಮಿನಲ್ಲೆಲ್ಲ ಅಲ್ಲಿ ಬರೀ ತೂತಿತ್ತು. ನಾಟಕದ ದಿನ ಈ ಹುಡುಗಿ ತೂತಿಗೆ ಕೆಂಪು ಕಾಗದ ಅಂಟಿಸಿ, ಹಿಂದೆ ಪುಟ್ಟ ಬಲ್ಬು ಕೂರಿಸಿದ್ಲು. ಕೆಂಡದ ಹಾಗೆ ಉರೀತು. ಮೊದಲ ಸಾಲಿನ ಮಕ್ಕಳು ಚೀರಿಬಿಟ್ರು."

"ದೈತ್ಯನ ಧ್ವನಿಯೂ ಚೆನ್ನಾಗಿತ್ತು."

"ಮುಖವಾಡದೊಳಗೆ ಹೋದ್ರೆ ಯಾರ ಧ್ವನಿಯಾದ್ರೂ ಗುಡುಗೇ ಮೇಡಂ," ಎಂದವರು, ಯಾಕೋ ಅಲ್ಲಿಗೇ ನಿಲ್ಲಿಸಿ ಮತ್ತೆ ಪರದೆಗೆ ಕೈಹಾಕಿದರು.

ಮೇಡಂ ವೇದಿಕೆಗೆ ಬಂದರು. ಖಾಲಿ ಸಭಾಂಗಣ. ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಅಧ್ಯಕ್ಷರ ಮೊಮ್ಮಗ. ಪದಕ ಬಂದಂದಿನಿಂದ ಎಲ್ಲರ ಬಾಯಲ್ಲೂ ಅವನು ಹೀರೋ.

"ಏನಪ್ಪಾ ಹೀರೋ, ಕ್ಲಾಸಿಗೆ ಹೋಗಿಲ್ವಾ?"

"ಮನಸ್ಸಿಲ್ಲ ಮೇಡಂ."

"ಮುಖವಾಡ ಸಿಗದಿದ್ರೆ ನಾಳೆ ಏನ್ಮಾಡ್ತೀಯಾ?"

"ಸಿಗದಿದ್ರೆ ಮಾತು ಹೇಳೋದೇ ಬೇಡವಂತೆ. ಬರೀ ಹಾರ ಹಾಕಿಸ್ಕೊಂಡ್ರೆ ಸಾಕಂತೆ." ಉತ್ತರ ಸಿದ್ಧವಾಗಿತ್ತು.

"ನಾಟಕದ ದಿನ ಹೆದರಿಕೆ ಆಗ್ಲಿಲ್ವೇನೋ? ಅಷ್ಟೊಂದು ಜನ ಇದ್ರು."

"ಕಣ್ಣಿನ ತೂತಿಂದ ನಮ್ಮ ತಾತ ಕಾಣ್ತಿದ್ರು, ಮುಂದಿನ ಸಾಲಲ್ಲೇ. ಅವರನ್ನೇ ನೋಡ್ಕೊಂಡು ಹೇಳ್ದೆ."

ಮೇಡಂ ತಲೆಯಾಡಿಸಿದರು. ಹೊರಡುವಾಗ ಸುಮ್ಮನೆ ಹೇಳುವಂತೆ ಹೇಳಿದರು: "ಇಲಿ ಕಾಟ ಜಾಸ್ತಿಯಾಗಿದೆ ಕಣಪ್ಪ. ಕಾಗದ ಕಂಡಲ್ಲೆಲ್ಲ ಕಡೀತವೆ."

ಹುಡುಗನ ನೋಟ ತಾನು ಕೂತ ಹಲಗೆಯ ಮೇಲೆ ಹೋಗಿ ಬಂತು.

ಮೇಡಂ ಜವಾನನನ್ನು ಕರೆದು ಕಿವಿಯಲ್ಲಿ ಏನೋ ಹೇಳಿದರು.

ಸ್ವಲ್ಪ ಹೊತ್ತಿನಲ್ಲಿ ಎಲ್ಲರೂ ಹೆಡ್‌ಮಾಸ್ಟರ ಕೋಣೆಯಲ್ಲಿದ್ದರು— ಮೇಷ್ಟ್ರು, ಹೀರೋ, ಗೋಂದು, ಅವಳ ತಾಯಿ. ಮೇಜಿನ ಮೇಲೆ ಪರದೆ ಬಟ್ಟೆಯಲ್ಲಿ ಸುತ್ತಿದ ದೊಡ್ಡ ಗಂಟು. ಬಿಚ್ಚಿದರೆ— ದೈತ್ಯ. ಒಂದು ಹಲ್ಲೂ ಮುಕ್ಕಾಗಿರಲಿಲ್ಲ.

"ಎಲ್ಲಿತ್ತು?"

"ವೇದಿಕೆ ಕೆಳಗೆ. ಒಂದ್ಸಲ ಹಾಕ್ಕೊಳಿ ಸರ್."

"ನಾನಾ?"

"ಹಾಕ್ಕೊಳಿ. ಗೊತ್ತಾಗುತ್ತೆ."

ಹೆಡ್‌ಮಾಸ್ಟರು ಕನ್ನಡಕ ತೆಗೆದಿಟ್ಟು ಮುಖವಾಡದೊಳಗೆ ತಲೆ ತೂರಿಸಿದರು. ಒಳಗಿನಿಂದ ಗುಡುಗು ಕೇಳಿತು: "ಏನೂ ಕಾಣ್ತಿಲ್ಲ ಮೇಡಂ! ಕಣ್ಣಿಗೆ ಏನೋ ಅಡ್ಡ ಇದೆ!"

ಕಂಡಕ್ಟರ್ ತಾಯಿ ಮುಖ ತಿರುಗಿಸಿ ನಗು ನುಂಗಿದಳು.

"ಸ್ವಲ್ಪ ತಲೆ ಎತ್ತಿ ಸರ್. ದೈತ್ಯನ ಬಾಯಿಂದ ನೋಡಿ."

"ಹಾಂ. ಈಗ ಕಾಣ್ತು." ಹೆಡ್‌ಮಾಸ್ಟರು ಮುಖವಾಡ ತೆಗೆದು ಮೇಜಿನ ಮೇಲಿಟ್ಟರು.

ಮೇಡಂ ಕುರ್ಚಿ ಎಳೆದು ಕೂತರು. "ಸಿಟ್ಟು ಬಂದವರು ಬೀರು ತೆಗೆದಿದ್ರೆ ಪದಕ ಒಯ್ತಿದ್ರು. ಪದಕ ಪಕ್ಕದಲ್ಲೇ ಇತ್ತು, ಅದನ್ನ ಮುಟ್ಟಿಲ್ಲ. ಹಾಗಾದ್ರೆ ಒಯ್ದವರಿಗೆ ಸಿಟ್ಟಿಲ್ಲ, ಹೆದರಿಕೆ. ಮುಖವಾಡ ಸಿಕ್ಕಿದ್ರೆ ಯಾರಿಗೆ ಕಷ್ಟ? ನಾಳೆ ಅದನ್ನ ಹಾಕ್ಕೊಳ್ಳಬೇಕಾದವನಿಗೆ. ಪದಕ ಗೆದ್ದವನಿಗೆ ಯಾಕೆ ಹೆದರಿಕೆ ಅಂತ ಯೋಚಿಸಿದೆ. ಆಮೇಲೆ ಇವನೇ ಹೇಳ್ದ— ಕಣ್ಣಿನ ತೂತಿಂದ ತಾತನನ್ನ ನೋಡ್ದೆ ಅಂತ. ನಾಟಕದ ದಿನ ಕಣ್ಣಿಗೆ ತೂತೇ ಇರ್ಲಿಲ್ಲ. ಬಲ್ಬಿತ್ತು. ಒಳಗಿದ್ದವರು ಬಾಯಿಂದಲೇ ನೋಡ್ಬೇಕಿತ್ತು. ಇವನು ಅವತ್ತು ಒಳಗಿರ್ಲಿಲ್ಲ."

ಹೀರೋ ಅಲ್ಲೇ ನೆಲದ ಮೇಲೆ ಕೂತ.

"ಮಾತೆಲ್ಲ ಮರೆತೋಯ್ತು ಮೇಡಂ," ಎಂದ. "ಪರದೆ ಏಳೋ ಹೊತ್ತಾಗಿತ್ತು. ಗೋಂದು 'ಕೊಡೋ ಇಲ್ಲಿ' ಅಂತ ಕಿತ್ಕೊಂಡು ಹಾಕ್ಕೊಂಡು ಹೋದ್ಲು. ತಾಲೀಮಿಗೆ ದಿನಾ ಬರ್ತಿದ್ಲಲ್ಲ, ಎಲ್ಲಾ ಅವಳಿಗೆ ಬಾಯಿಪಾಠ. ಪದಕ ಕೊಡುವಾಗ ಹೇಳ್ಬೇಕಿತ್ತು, ತಾತ ಖುಷಿಗೆ ಅಳ್ತಿದ್ರು. ನಿನ್ನೆ ಮುಖವಾಡ ಒಡೆದು ಹಾಕೋಣ ಅಂತ ತಗೊಂಡೆ. ಆಗ್ಲಿಲ್ಲ. ಇವಳನ್ನ ನಿಲ್ಲಿಸ್ತಾರೆ ಅಂತ ಗೊತ್ತಿರ್ಲಿಲ್ಲ."

ಗೋಂದು ಅವನ ಪಕ್ಕ ಕೂತು ಹೆಗಲು ತಟ್ಟಿದಳು. "ಬಟ್ಟೆ ಸುತ್ತಿಟ್ಟಿದೀಯಲ್ಲ. ಒಳ್ಳೇದಾಯ್ತು ಬಿಡೋ."

"ಬಚ್ಚಿಟ್ಟವನು ಇವನು," ಎಂದರು ಮೇಡಂ. "ಹುಡುಗ, ಹೆದರಿದ್ದ. ಆದ್ರೆ ಕಳವು ಆಗಿದ್ದು ನಿನ್ನೆ ಅಲ್ಲ, ನಾಟಕದ ದಿನವೇ. ಅವತ್ತು ಪರದೆ ಪಕ್ಕ ನಿಂತು ಕಣ್ಣಾರೆ ನೋಡಿ, ಪದಕಕ್ಕೆ ಇವನ ಹೆಸರು ಕೂಗಿದವರು ಯಾರು ಮೇಷ್ಟ್ರೇ? ಇವಳಿಗೆ ಬಾಯಿ ಮುಚ್ಕೋ ಅಂದವರು ಯಾರು?"

ಮೇಷ್ಟ್ರು ಅಂಗಿಗೆ ಮೆತ್ತಿದ್ದ ಪರದೆಯ ಧೂಳು ಕೊಡವಿದರು. "ಅಧ್ಯಕ್ಷರಿಗೆ ಬೇಜಾರಾದ್ರೆ ಮುಂದಿನ ವರ್ಷ ನಾಟಕವೇ ಇರಲ್ಲ ಅಂತ... ನಾನೇ ಅಂದಿದ್ದು."

"ಅದಕ್ಕೆ ನನ್ನ ಮಗಳು ಕಳ್ಳಿ ಆಗ್ಬೇಕಿತ್ತಾ?" ಎಂದಳು ತಾಯಿ.

ಹೆಡ್‌ಮಾಸ್ಟರು ಕನ್ನಡಕ ಹಾಕಿಕೊಂಡರು. "ಆಗಿದ್ದು ಆಯ್ತು. ಟಿಸಿ ಮಾತು ಬಿಟ್ಟೆ. ಇದು ಈ ಕೋಣೆ ದಾಟಬಾರದು. ನಾಳೆ ಗೋಂದುನೇ ಒಳಗಿದ್ದು ಮಾತು ಹೇಳ್ಲಿ. ಮುಗಿದ ಮೇಲೆ ಮುಖವಾಡ ತೆಗೀದೆ ಹಾಗೇ ಒಳಗೆ ಹೋಗ್ಬಿಡು ಮಗಾ. ಇವನು ಆಚೆ ಬಂದು ಹಾರ ಹಾಕಿಸ್ಕೋತಾನೆ. ನಿನಗೂ ಒಂದು ಸರ್ಟಿಫಿಕೇಟ್ ಕೊಡಿಸೋಣ, ಸಹಕಾರ ಕೊಟ್ಟಿದ್ದಕ್ಕೆ."

"ನಾನು ಹಾರ ಹಾಕಿಸ್ಕೊಳ್ಳಲ್ಲ ಸರ್," ಎಂದ ಹುಡುಗ, ನೆಲದಿಂದಲೇ.

ಗೋಂದು ಎದ್ದಳು. ಮೇಜಿನ ಮೇಲಿನ ಮುಖವಾಡ ತಿರುಗಿಸಿ, ಒಂದು ಬದಿಯಲ್ಲಿ ಬಿಟ್ಟುಕೊಂಡಿದ್ದ ಕೆಂಪು ಕಾಗದವನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದಳು.

"ಮಾತು ಹೇಳ್ತೀನಿ ಸರ್. ಮುಗಿದ ಮೇಲೆ ಮುಖವಾಡ ತೆಗೀತೀನಿ."

"ತೆಗೀಬೇಡ ಅಂದೆನಲ್ಲ. ಅಧ್ಯಕ್ಷರು ಎದುರಿಗೇ ಇರ್ತಾರೆ. ನಾಟಕ ನಿಲ್ಲಿಸಿಬಿಟ್ರೆ?"

ಹುಡುಗಿ ನಾಟಕದ ಮೇಷ್ಟ್ರ ಕಡೆ ನೋಡಿದಳು. ಆಮೇಲೆ ತಾಯಿಯ ಕಡೆ. ಮುಖವಾಡವನ್ನು ಎದೆಗವಚಿ ಎತ್ತಿಕೊಂಡಳು.

"ತೆಗೀತೀನಿ ಸರ್," ಎಂದಳು.