ಹಂಸಗಳು ಕೊಕ್ಕು ಮುಚ್ಚಿದ ದಿನ

ಬಲು ಹಿಂದಿನ ಮಾತು. ಏಳು ಬೆಟ್ಟಗಳಾಚೆ ಚಳಿಗೇರಿ ಎಂಬ ರಾಜ್ಯವಿತ್ತು. ಹೆಸರಿಗೊಬ್ಬ ರಾಜನಿದ್ದ, ಆಳುತ್ತಿದ್ದವನು ಮಾಟಗಾರ ಶೀತಕೇತು. ಊರ ಮುಂದಿನ ಕೊಳದ ನಡುಗಡ್ಡೆಯಲ್ಲಿ ಅವನ ಕೋಟೆ. ಕೊಳದ ನೀರು ಕನ್ನಡಿಯಂತೆ ತಿಳಿ. ಚಳಿಗಾಲದಲ್ಲಿ ಊರಿನ ಕೆಸರುಗುಂಡಿಗಳೆಲ್ಲ ಕಲ್ಲಾದರೂ ಕೊಳ ಮಾತ್ರ ಹೆಪ್ಪುಗಟ್ಟುತ್ತಿರಲಿಲ್ಲ.

"ನೋಡಿದಿರಾ ನನ್ನ ಮಹಿಮೆ! ಇದು ಪವಿತ್ರ ಜಲ. ನಿಮ್ಮಂಥವರು ಮುಟ್ಟಿದರೆ ಸುಟ್ಟು ಬೂದಿಯಾಗ್ತೀರಿ" ಎನ್ನುತ್ತಿದ್ದ ಶೀತಕೇತು.

ಜನ ನಂಬಿದರು. ನಂಬಿ, ಗುಂಡಿಯ ಮಂಜುಗಡ್ಡೆ ಕರಗಿಸಿ ರಾಡಿ ನೀರು ಕುಡಿದರು. ಎಷ್ಟು ತಲೆಮಾರು ಕುಡಿದರು ಎಂದು ಹೇಳಹೊರಟರೆ ಸಿಟ್ಟು ಬರುತ್ತದೆ, ಕತೆ ನಿಲ್ಲುತ್ತದೆ.

ಚಳಿಗಾಲದ ಒಂದು ದಿನ ಬೊಮ್ಮ ಎಂಬ ಹುಡುಗ ಬಿಂದಿಗೆ ಹಿಡಿದು ಕೊಳದ ಕಡೆ ನಡೆದ. ಶೀತಕೇತುವಿನ ಗಿಡುಗ ಅವನನ್ನು ಎತ್ತಿಕೊಂಡು ಹೋಗಿ ಕೋಟೆಗೆ ಹಾಕಿತು. ಹೊತ್ತು ಮುಳುಗುವಾಗ ಅವನನ್ನು ಹಿಮದ ಬೊಂಬೆ ಮಾಡುವುದಾಗಿ ಶೀತಕೇತು ಡಂಗುರ ಹೊಡೆಸಿದ.

ಬೊಮ್ಮನ ಅಕ್ಕ ಚೌಡಿ ಅಳುವ ಪೈಕಿಯವಳಲ್ಲ. ಸೆರಗು ಸೊಂಟಕ್ಕೆ ಬಿಗಿದು ಹೊರಟಳು.

ಮೊದಲು ಸಿಕ್ಕಿದ್ದು ಪೊರಕೆ ಹಿಡಿದ ಕರಡಿ.

"ಎಲ್ಲಿಗೆ?"

"ತಮ್ಮನನ್ನ ದಡದಿಂದಲೇ ನೋಡ್ತೀನಿ."

"ಹಾಗಾದರೆ ಕಾಲು ತೊಳಿ. ಕೊಳಕ್ಕೆ ಒಂದು ಕಣ ಧೂಳು ಬೀಳಬಾರದು."

"ಬಿದ್ದರೆ?"

"ಕೇಳಬಾರದು!"

ಚೌಡಿ ಕಾಲು ತೊಳೆದು ಮುಂದೆ ಹೋದಳು. ಆಮೇಲೆ ಸಿಕ್ಕಿದ್ದು ಆಳೆತ್ತರದ ಗೂಬೆ.

"ಮೆಲ್ಲಗೆ ನಡಿಯೇ! ನೆಲ ಅದುರಬಾರದು, ನೀರು ಅಲುಗಬಾರದು."

"ಅಲುಗಿದರೆ?"

"ಕೇಳಬಾರದು!"

ತುದಿಗಾಲಲ್ಲಿ ದಡಕ್ಕೆ ಬಂದಳು. ಅಲ್ಲಿ ನೂರು ಹಂಸಗಳು ಕೊಳದ ಮೇಲೆ ಹಾರಾಡುತ್ತ, ಬೀಳುವ ಹಿಮವನ್ನೆಲ್ಲ ಗಾಳಿಯಲ್ಲೇ ನುಂಗುತ್ತಿದ್ದವು. ಒಂದು ಮುದಿ ಹಂಸ ಏದುಸಿರು ಬಿಡುತ್ತ ದಡದ ಪಕ್ಕಕ್ಕೇ ಬಂತು.

"ಏನಜ್ಜಿ ಇದು?"

"ಹಿಮದ ಒಂದು ಹರಳು ನೀರಿಗೆ ಬಿದ್ದರೂ ನಮ್ಮ ಕತ್ತು ಮುರೀತಾನೆ ಮಗಳೇ."

"ಬಿದ್ದರೆ ಏನಾಗುತ್ತೆ?"

"ಕೇಳಬಾರದಂತೆ."

ಚೌಡಿ ತಲೆ ಕೆರೆದುಕೊಂಡಳು. ನೀರು ನಮ್ಮನ್ನು ಸುಡುತ್ತದೆ ಎಂದವನು ನಮ್ಮಿಂದ ನೀರನ್ನೇಕೆ ಕಾಯುತ್ತಾನೆ? ಧೂಳು ಬೇಡ, ಸದ್ದು ಬೇಡ, ಹಿಮ ಬೇಡ. ಇವನು ಬೇಡ ಅಂದದ್ದೆಲ್ಲ ಇವನಿಗೆ ಹೆದರಿಕೆಯದ್ದೇ!

"ಅಜ್ಜಿ, ಇಷ್ಟು ದುಡಿಸಿ ಏನು ಕೊಡ್ತಾನೆ?"

"ಏನು ಕೊಡ್ತಾನೆ? ಹೊಟ್ಟೆ ತುಂಬ ಹಿಮ! ಕರುಳೆಲ್ಲ ಥಂಡಿ."

"ಮತ್ತೆ ಯಾಕೆ ನುಂಗ್ತೀರಿ? ಒಂದು ಗಳಿಗೆ ಕೊಕ್ಕು ಮುಚ್ಚಿ. ನೂರು ಕತ್ತು ಒಟ್ಟಿಗೆ ಮುರಿಯೋಕೆ ಅವನಿಗೆ ಎಷ್ಟು ಕೈ ಇವೆ?"

ಮುದಿ ಹಂಸ ನಕ್ಕು ಕೊಕ್ಕು ಮುಚ್ಚಿತು. ಅದನ್ನು ನೋಡಿ ಪಕ್ಕದ್ದು ಮುಚ್ಚಿತು. ಅದನ್ನು ನೋಡಿ ಇನ್ನೊಂದು. ನೂರೂ ಮುಚ್ಚಿದವು.

ಸಾಸಿವೆಗಿಂತ ಸಣ್ಣ ಹರಳೊಂದು ತೇಲುತ್ತ ಬಂದು ನೀರಿಗೆ ಬಿತ್ತು. ಚರಚರ ಎಂದು ಬಿಳುಪು ಅಲ್ಲಿಂದ ನಾಲ್ಕೂ ದಿಕ್ಕಿಗೆ ಓಡಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಕೊಳವೆಲ್ಲ ಗಟ್ಟಿ!

ಮಹಿಮೆ ಇಷ್ಟೇ. ಕಸವಿಲ್ಲದ ತಿಳಿನೀರು ಅಲುಗದೆ ನಿಂತರೆ, ಹೆಪ್ಪುಗಟ್ಟುವ ಚಳಿಯನ್ನು ದಾಟಿದ ಮೇಲೂ ನೀರಾಗಿಯೇ ಇರಬಲ್ಲದು. ಎಲ್ಲಿಂದ ಗಟ್ಟಿಯಾಗಬೇಕೋ ಅದಕ್ಕೆ ತಿಳಿಯದು. ಒಂದು ಹರಳು ಸಿಕ್ಕಿತೋ, ಅದನ್ನೇ ಹಿಡಿದು ಹನಿಗೆ ಹನಿ ಸಾಲುಗಟ್ಟುತ್ತದೆ. ಮಂತ್ರವೂ ಇಲ್ಲ, ಮಣ್ಣೂ ಇಲ್ಲ.

ಚೌಡಿ ಓಡಿದಳು. ನೀರನ್ನೇ ಕಾವಲೆಂದು ನಂಬಿದ್ದ ಕೋಟೆಗೆ ಮುಚ್ಚುವ ಬಾಗಿಲೇ ಇರಲಿಲ್ಲ, ನೆಟ್ಟಗೆ ತಮ್ಮನಿದ್ದಲ್ಲಿಗೇ ನುಗ್ಗಿದಳು.

"ಅಕ್ಕಾ! ನೀರಿನ ಮೇಲೆ ನಡ್ಕೊಂಡು ಬಂದೆಯಾ?"

"ನಡೆಯೋದೆಲ್ಲಿ ಬಂತೋ, ಎರಡು ಸಲ ಬಿದ್ದೆ. ಏಳು, ಹೋಗೋಣ!"

"ಮೈಲಿಗೆ! ಮೈಲಿಗೆ!" ಎಂದು ಕಿರುಚುತ್ತ ಶೀತಕೇತು ಹಿಂದೆಯೇ ಓಡಿಬಂದ. ಮಂಜುಗಡ್ಡೆಯ ಮೇಲೆ ಕಾಲಿಟ್ಟ, ಅಂಗಾತ ಬಿದ್ದ, ಕುಂಡಿಯ ಮೇಲೆ ಜಾರುತ್ತ ಜಾರುತ್ತ ಕೊಳ ಗಟ್ಟಿಯಾದದ್ದು ಕಂಡು ದಡದಲ್ಲಿ ನೆರೆದಿದ್ದ ಊರ ಜನರ ಕಾಲ ಬುಡಕ್ಕೇ ಬಂದ. ಜನ ಹೊಟ್ಟೆ ಹಿಡಿದು ನಕ್ಕರು. ಅವರ ಹೆದರಿಕೆಯೇ ಅವನ ಮಂತ್ರದ ಉಸಿರಾಗಿತ್ತು. ನಗುವಿಗೆ ಉಸಿರು ನಿಂತಿತು. ಗಿಡುಗ ಗುಬ್ಬಿಯಾಯಿತು. ಶೀತಕೇತು ಬರೀ ಮುದುಕನಾಗಿ ಬೆಟ್ಟದಾಚೆ ಕುಂಟಿಕೊಂಡು ಹೋದ.

ಬೇಸಿಗೆಗೆ ಕೊಳ ಕರಗಿತು. ಜನ ಇಳಿದರು, ದನ ಇಳಿದವು, ಮಕ್ಕಳು ಈಜಿ ನೀರು ಕದಡಿದರು. ಯಾರೂ ಬೂದಿಯಾಗಲಿಲ್ಲ. ಹೊಟ್ಟೆ ತುಂಬ ನೀರು ಕುಡಿದು ಎಲ್ಲರೂ ಸುಖವಾಗಿ ಬಾಳಿದರು. ಮರುವರ್ಷದ ಚಳಿಗೆ ಕೊಳ ಎಲ್ಲ ನೀರಿನ ಹಾಗೆ ಹೆಪ್ಪುಗಟ್ಟಿತು, ಯಾರ ಅಪ್ಪಣೆಯನ್ನೂ ಕೇಳದೆ.